ಬಿಸಿಲಿಗೆ ಓಡುವ ಬಂಡಿ: ಶಾಲಾ ಸೋಲಾರ್ ಕಾರು ಪಂದ್ಯಕ್ಕೆ 14 ಸೂತ್ರಗಳು

ಮದ್ದಿಕೇರದವರಿಗೆ ಓಟದ ಪಂದ್ಯ ಹೊಸದಲ್ಲ. ವಿಜಯದಶಮಿಗೆ ಇಲ್ಲಿ ಕುದುರೆಗಳು ಓಡುತ್ತವೆ, ಸುತ್ತಲ ಹಳ್ಳಿಗಳ ಜನ ನೋಡಲು ನೆರೆಯುತ್ತಾರೆ. ಬಿಸಿಲೂ ಹೊಸದಲ್ಲ. ಇದೇ ಕರ್ನೂಲು ಸೀಮೆಯ ಗನಿ–ಶಕುನಾಲದ ಬಯಲಲ್ಲಿ 1,000 ಮೆಗಾವಾಟ್ ಸೋಲಾರ್ ಪಾರ್ಕ್ 2017ರಲ್ಲೇ ಕೆಲಸ ಶುರು ಮಾಡಿತು. ಗಡಿಯಾಚೆ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಇನ್ನೊಂದು ಪಾರ್ಕ್ ಇದೆ. ಇಷ್ಟೆಲ್ಲ ಇದ್ದರೂ ನಮ್ಮ ಶಾಲೆಯ ಮಕ್ಕಳಿಗೆ ಅವು ಬೇಲಿಯಾಚೆಯ ನೀಲಿ ಹಾಳೆಗಳು ಅಷ್ಟೇ. ಸ್ಲೇಟಿನಷ್ಟಗಲದ ಒಂದು ಪ್ಯಾನೆಲ್ಲನ್ನು ಮಕ್ಕಳ ಕೈಗೆ ಕೊಟ್ಟು, ಅದರಿಂದ ಓಡುವ ಕಾರು ಮಾಡಿ ಎಂದರೆ ಆ ಬೇಲಿ ದಾಟಿದಂತೆ.

ಇಂಥ ಪಂದ್ಯವನ್ನು ಒಂದು ಸಲ ನಡೆಸುವುದು ಸುಲಭ. ಮೊದಲ ವರ್ಷ ಸಡಗರ, ಎರಡನೇ ವರ್ಷ ಶಾಸ್ತ್ರಕ್ಕೆ, ಮೂರನೇ ವರ್ಷ ಮರೆವು: ಇದೇ ಹೆಚ್ಚಿನ ಶಾಲಾ ಸ್ಪರ್ಧೆಗಳ ಹಣೆಬರಹ. ಯಾರು ಗೆದ್ದರೆಂದು ಬರೆದಿಡುತ್ತಾರೆ, ಯಾರು ಏನು ಕಲಿತರೆಂದು ಬರೆದಿಡುವುದಿಲ್ಲ. ಅಳೆದು ನೋಡದ್ದನ್ನು ಬೆಳೆಸುವುದು ಹೇಗೆ? ಮದ್ದಿಕೇರ, ಪತ್ತಿಕೊಂಡ, ಆಲೂರು, ಆದೋನಿ ಕಡೆಯ ವಿಜ್ಞಾನ ಮೇಷ್ಟ್ರುಗಳಿಗೆ, ಹೆಡ್‌ಮಾಸ್ಟರುಗಳಿಗೆ ಈ ಸೂತ್ರಗಳು.

1. ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು’ ಎಂದು ಬ್ಯಾನರ್ ಮೇಲೆ ಬರೆಸಬಹುದು, ಅಳೆಯಲಾಗದು. ‘ಎಂಟನೇ ತರಗತಿಯ ಹುಡುಗಿ ತನ್ನ ಕಾರಿನ ಗೇರ್ ಯಾಕೆ ಬದಲಿಸಿದಳೆಂದು ತಾನೇ ಹೇಳಬೇಕು’ ಎಂದು ಬರೆದರೆ ಅಳೆಯಬಹುದು. ಇಂಥ ಎರಡು ಮೂರು ಸಾಲು ಸಾಕು. ಮುಂದೆ ನಿಯಮ, ಅಂಕ, ಖರ್ಚು ಯಾವುದರ ಬಗ್ಗೆ ಜಗಳ ಬಂದರೂ ಈ ಸಾಲುಗಳನ್ನು ತೆರೆದು ಓದಿ. ಗುರಿಗೆ ನೆರವಾಗದ ನಿಯಮವನ್ನು ಕಿತ್ತುಹಾಕಿ.

2. ದಿನ ಗೊತ್ತುಮಾಡುವಾಗ ಸೂರ್ಯನನ್ನೂ ಕೇಳಿ, ಹಾಜರಿ ಪುಸ್ತಕವನ್ನೂ ಕೇಳಿ

ಮದ್ದಿಕೇರ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ 38 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮಟ್ಟಸವಾಗಿ ಇಟ್ಟ ಪ್ಯಾನೆಲ್ಲಿಗೆ ನೇರ ಬಿಸಿಲಿನ ಐದರಲ್ಲಿ ನಾಲ್ಕು ಪಾಲೂ ದಕ್ಕುವುದಿಲ್ಲ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಹೊತ್ತಿಗೆ ವಾಲಿಕೆ 23 ಡಿಗ್ರಿಗೆ ಇಳಿದಿರುತ್ತದೆ. ಆಕಾಶ ತಿಳಿಯಾಗಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ. ಸೂರ್ಯನ ಲೆಕ್ಕದಲ್ಲಿ ಇದು ಒಳ್ಳೆಯ ದಿನ.

ಹಾಜರಿ ಪುಸ್ತಕದ ಲೆಕ್ಕ ಬೇರೆ. ಆದೋನಿ, ಕೋಸಿಗಿ ಕಡೆಯಿಂದ ಎಷ್ಟೋ ಕುಟುಂಬಗಳು ಆ ತಿಂಗಳುಗಳಲ್ಲಿ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗುತ್ತವೆ, ಮಕ್ಕಳನ್ನೂ ಕರೆದೊಯ್ಯುತ್ತವೆ. ಫೆಬ್ರವರಿಯಲ್ಲಿ ಮಾತ್ರ ಪಂದ್ಯ ಇಟ್ಟರೆ ಆ ಮಕ್ಕಳು ಶಾಶ್ವತವಾಗಿ ಹೊರಗೆ. ಹಾಗಾಗಿ ಎರಡು ಹಂತ ಮಾಡಿ. ಶಾಲೆಯೊಳಗಿನ ಪಂದ್ಯ ಆಗಸ್ಟ್ 20ರ ಅಕ್ಷಯ ಊರ್ಜಾ ದಿನದ ಆಸುಪಾಸಿನಲ್ಲಿರಲಿ. ಆಗ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಮಕ್ಕಳೂ ಊರಲ್ಲಿ. ಮೋಡ ಕವಿಯಬಹುದು, ಅದಕ್ಕೆ ಒಂದು ಮೀಸಲು ದಿನ ಇಟ್ಟುಕೊಳ್ಳಿ. ಮಂಡಲ ಮಟ್ಟದ್ದು ಫೆಬ್ರವರಿಗೆ ಇರಲಿ.

ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12ಕ್ಕಲ್ಲ, ಸುಮಾರು 12.30ಕ್ಕೆ. ಓಟವನ್ನು 11.30ರಿಂದ 1.30ರೊಳಗೆ ಮುಗಿಸಿ, ಭಾಷಣಗಳನ್ನು ಆಮೇಲೆ ಇಟ್ಟುಕೊಳ್ಳಿ.

3. ಪ್ಯಾನೆಲ್ ಮತ್ತು ಮೋಟರ್ ಎಲ್ಲರಿಗೂ ಒಂದೇ

ಅಮೆರಿಕದ ಇಂಧನ ಇಲಾಖೆ ಹುಟ್ಟುಹಾಕಿದ ‘ಜೂನಿಯರ್ ಸೋಲಾರ್ ಸ್ಪ್ರಿಂಟ್’ 5ರಿಂದ 8ನೇ ತರಗತಿಯ ಮಕ್ಕಳ ಪಂದ್ಯ. ಅದು ಇಷ್ಟು ವರ್ಷ ಉಳಿದು ಬಂದದ್ದರ ಗುಟ್ಟು ಸರಳ: ಪ್ಯಾನೆಲ್ಲಿಗೆ ಮಿತಿ ಉಂಟು, ವಿನ್ಯಾಸ ಮಾತ್ರ ಮಕ್ಕಳದ್ದೇ. ನಮ್ಮಲ್ಲೂ ಹಾಗೇ ಮಾಡಿ. 3 ವೋಲ್ಟ್, 3 ವಾಟ್ ಪ್ಯಾನೆಲ್ ಮತ್ತು ಒಂದೇ ಬಗೆಯ ಆಟಿಕೆ ಮೋಟರನ್ನು ಒಟ್ಟಿಗೆ ಕೊಂಡು ಎಲ್ಲ ತಂಡಗಳಿಗೂ ಹಂಚಿ. ಇಲ್ಲದಿದ್ದರೆ ಗುಂತಕಲ್ಲಿನ ಅಂಗಡಿಯಿಂದ ದುಬಾರಿ ಮೋಟರ್ ತರಿಸಬಲ್ಲ ತಂದೆ ಗೆಲ್ಲುತ್ತಾನೆ, ಮಗು ಗೆಲ್ಲುವುದಿಲ್ಲ.

4. ಮಿಕ್ಕ ಸಾಮಾನು ಊರಲ್ಲೇ ಸಿಗಲಿ

ಈ ಸೀಮೆಯ ಮಕ್ಕಳಿಗೆ ಜೋಳದ ದಂಟಿನಲ್ಲಿ ಬಂಡಿ ಕಟ್ಟುವುದು ಯಾರೂ ಹೇಳಿಕೊಡಬೇಕಾಗಿಲ್ಲ. ದಂಟಿನ ಬೆಂಡು ಹಗುರ, ಸಿಪ್ಪೆ ಗಟ್ಟಿ. ಕಾರಿನ ಚೌಕಟ್ಟಿಗೆ ಇದಕ್ಕಿಂತ ಅಗ್ಗದ ಸಾಮಾನು ಇಲ್ಲ. ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದರೆ ಹಿಡಿತ ಇರುವ ಗಾಲಿ. ಕೆಟ್ಟ ಸಿಡಿ ತಟ್ಟೆಯಾದರೆ ದೊಡ್ಡ ಗಾಲಿ, ಬಾಲ್‌ಪೆನ್ನಿನ ಖಾಲಿ ಕೊಳವೆ ಅಚ್ಚಿನ ಬುಷ್, ಸೈಕಲ್ಲಿನ ಕಡ್ಡಿ ಅಚ್ಚು. ರೆಡಿಮೇಡ್ ಕಾರಿನ ಕಿಟ್ ತಂದು ಜೋಡಿಸುವುದಕ್ಕೆ ಅವಕಾಶ ಬೇಡ. ಅಲ್ಲಿ ಮಗು ಓದುವುದು ಸೂಚನೆಯ ಚೀಟಿಯನ್ನು ಮಾತ್ರ.

5. ಹಾದಿ 20 ಮೀಟರ್, ನಡುವೆ ಒಂದು ದಾರ

ಸೋಲಾರ್ ಸ್ಪ್ರಿಂಟ್‌ನ ಓಟದ ಹಾದಿ 20 ಮೀಟರ್. ನಮ್ಮ ಶಾಲೆಗಳ ಅಂಗಳಕ್ಕೂ ಇದು ಸರಿಹೊಂದುತ್ತದೆ. ಸಡಿಲ ಮಣ್ಣಿನ ನೆಲ ಬೇಡ, ಸಣ್ಣ ಗಾಲಿ ಹೂತು ನಿಲ್ಲುತ್ತದೆ. ಸಿಮೆಂಟ್ ಅಂಗಳ, ಖೋ ಖೋ ಅಂಕಣದ ಗಟ್ಟಿ ನೆಲ, ಕಣದ ಕಲ್ಲುಹಾಸು ಯಾವುದಾದರೂ ಸರಿ, ನೆರಳು ಬೀಳಬಾರದು. ಎರಡು ತುದಿಗೆ ಮೊಳೆ ಹೊಡೆದು, ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ ಮೀನಿನ ಗಾಳದ ದಾರ ಬಿಗಿಯಾಗಿ ಎಳೆಯಿರಿ. ಕಾರಿನ ಅಡಿಗೆ ತಂತಿಯ ಸಣ್ಣ ಕೊಂಡಿ ಹಾಕಿ ದಾರಕ್ಕೆ ಸಿಕ್ಕಿಸಿದರೆ ಅದು ಅಡ್ಡದಾರಿ ಹಿಡಿಯುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹಾದಿ ಹಾಕಬೇಡಿ.

6. ಓಟದ ಜೊತೆಗೆ ಬಿಸಿಲನ್ನೂ ಅಳೆಯಿರಿ

ಈ ಪಂದ್ಯದಲ್ಲಿ ಹೆಚ್ಚು ಅನ್ಯಾಯ ಆಗುವುದು ಇಲ್ಲೇ. 12 ಗಂಟೆಗೆ ಬಿರುಬಿಸಿಲಲ್ಲಿ ಓಡಿದ ಕಾರಿಗೂ 12.20ಕ್ಕೆ ತೆಳು ಮೋಡದಡಿ ಓಡಿದ ಕಾರಿಗೂ ಒಂದೇ ಸ್ಟಾಪ್‌ವಾಚ್ ಹಿಡಿದರೆ ಅದು ಮೋಡದ ಗೆಲುವು.

ಪರಿಹಾರ ಕೈಗೆಟುಕುವಷ್ಟು ಅಗ್ಗ. ತಂಡಗಳಿಗೆ ಕೊಟ್ಟಂಥದೇ ಒಂದು ಪ್ಯಾನೆಲ್ಲನ್ನು ಹಾದಿಯ ಪಕ್ಕ ಸ್ಟೂಲಿನ ಮೇಲೆ ಮಟ್ಟಸವಾಗಿ ಇಡಿ. ಮಲ್ಟಿಮೀಟರನ್ನು 10 ಆಂಪ್‌ಗೆ ತಿರುಗಿಸಿ, ಕೆಂಪು ವೈರನ್ನು 10 ಆಂಪ್ ತೂತಿಗೇ ಚುಚ್ಚಿ, ಪ್ಯಾನೆಲ್ಲಿನ ಎರಡು ತುದಿಗೆ ನೇರವಾಗಿ ಹಿಡಿಯಿರಿ. ಸಿಗುವ ಕರೆಂಟು ಬಿಸಿಲಿನ ಬಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಅರ್ಧ ಬಿಸಿಲಿಗೆ ಸುಮಾರು ಅರ್ಧ ಕರೆಂಟು. ಪ್ರತಿ ಓಟ ಶುರುವಾಗುವ ಕ್ಷಣದಲ್ಲಿ ಒಬ್ಬ ಹುಡುಗ ಆ ಅಂಕಿಯನ್ನು ಕೂಗಲಿ, ಒಬ್ಬ ಹುಡುಗಿ ಸಮಯದ ಪಕ್ಕದಲ್ಲೇ ಬರೆದುಕೊಳ್ಳಲಿ. ಎರಡು ಓಟಗಳ ನಡುವೆ ಈ ಅಂಕಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸಮಯಗಳನ್ನು ಹೋಲಿಸಬೇಡಿ, ಮತ್ತೆ ಓಡಿಸಿ. ಒಂದೊಂದು ಕಾರಿಗೆ ಮೂರು ಓಟ ಕೊಟ್ಟು ನಡುವಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ. ಫೈನಲ್‌ನಲ್ಲಿ ಅಕ್ಕಪಕ್ಕದ ದಾರಗಳ ಮೇಲೆ ಒಟ್ಟಿಗೇ ಬಿಡಿ. ಆಗ ಬಿಸಿಲು ಎಲ್ಲರಿಗೂ ಒಂದೇ.

7. ಗೇರಿನಲ್ಲೇ ಅರ್ಧ ಪಾಠ ಇದೆ

ಬಿಸಿಲಲ್ಲಿಟ್ಟ ಹೊಸ ಕಾರು ‘ಗುಂಯ್’ ಎನ್ನುತ್ತದೆ, ಅಲುಗುವುದಿಲ್ಲ. ಮಕ್ಕಳು ಪ್ಯಾನೆಲ್ ಕೆಟ್ಟಿದೆ ಎನ್ನುತ್ತಾರೆ. ಎತ್ತಿ ಹಿಡಿದರೆ ಗಾಲಿ ಗಿರಗಿರ ತಿರುಗುತ್ತದೆ! ಇಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿ.

ಬ್ಯಾಟರಿ ಬೇಕಾದಾಗ ಒಮ್ಮೆಲೇ ಹೆಚ್ಚು ಕರೆಂಟು ಕೊಡುತ್ತದೆ. ಪ್ಯಾನೆಲ್ ಹಾಗಲ್ಲ, ಬಿಸಿಲು ಎಷ್ಟೋ ಕರೆಂಟು ಅಷ್ಟೇ. ಮೋಟರಿನ ತಿರುಚುವ ಬಲ ಕರೆಂಟಿಗೆ ತಕ್ಕಷ್ಟು. ಹಾಗಾಗಿ ನಿಂತ ಕಾರನ್ನು ಕದಲಿಸಲು ಗೇರಿನ ನೆರವು ಬೇಕೇ ಬೇಕು. ಮೋಟರ್ ಎರಡು ಸುತ್ತಿಗೆ ಗಾಲಿ ಒಂದು ಸುತ್ತು, ನಾಲ್ಕಕ್ಕೆ ಒಂದು, ಆರಕ್ಕೆ ಒಂದು ಹೀಗೆ ಮೂರು ಜೋಡಣೆ ಮಾಡಿಸಿ. ಆರಕ್ಕೆ ಒಂದಾದರೆ ಕಾರು ಚಟ್ಟನೆ ಹೊರಡುತ್ತದೆ, ಮುಂದೆ ನಿಧಾನ. ಎರಡಕ್ಕೆ ಒಂದಾದರೆ ಹೊರಡಲು ತಿಣುಕುತ್ತದೆ, ಹೊರಟರೆ ಓಟ. 20 ಮೀಟರಿಗೆ ಯಾವುದು ಲಾಭ, ಮೋಡ ಬಂದರೆ ಯಾವುದು ಲಾಭ ಎಂಬುದನ್ನು ಮಕ್ಕಳೇ ಪಟ್ಟಿ ಹಾಕಿ ಕಂಡುಕೊಳ್ಳಲಿ. ಮೇಷ್ಟ್ರು ಮೊದಲೇ ಉತ್ತರ ಹೇಳಿಬಿಟ್ಟರೆ ಇಡೀ ಪಂದ್ಯವೇ ದಂಡ.

8. ಪ್ಯಾನೆಲ್ ಕಾಯದಿರಲಿ, ನೆರಳು ತಾಗದಿರಲಿ

ಬೆಳಕು ಬೇಕು, ಬಿಸಿ ಬೇಡ. ಸಿಲಿಕಾನ್ ಪ್ಯಾನೆಲ್ 25 ಡಿಗ್ರಿ ಸೆಲ್ಸಿಯಸ್‌ಗಿಂತ ಒಂದೊಂದು ಡಿಗ್ರಿ ಮೇಲೇರಿದಂತೆಲ್ಲ ತನ್ನ ಶಕ್ತಿಯ ಸುಮಾರು ಶೇಕಡಾ 0.4 ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ 60 ಡಿಗ್ರಿಗೆ ಕಾದ ಪ್ಯಾನೆಲ್ ಶೇಕಡಾ 14ರಷ್ಟು ಸೋತಿರುತ್ತದೆ. ಸರದಿ ಬರುವವರೆಗೆ ಕಾರನ್ನು ಚಪ್ಪರದಡಿ ಇಡಿಸಿ. ಇನ್ನೊಂದು ಮಾತು: 3 ವೋಲ್ಟಿನ ಪ್ಯಾನೆಲ್ಲಿನಲ್ಲಿ ಅರ್ಧ ವೋಲ್ಟಿನ ಆರು ಸೆಲ್‌ಗಳು ಸಾಲಾಗಿ ಇರುತ್ತವೆ. ಒಂದು ಸೆಲ್ಲಿನ ಮೇಲೆ ಪೂರ್ತಿ ನೆರಳು ಬಿದ್ದರೂ ಸಾಕು, ಇಡೀ ಸಾಲಿನ ಕರೆಂಟು ಕುಸಿಯುತ್ತದೆ. ಕಾರಿಗೆ ಬಾವುಟ ಸಿಕ್ಕಿಸುವ ಮೊದಲು ಇದು ನೆನಪಿರಲಿ. ಹಾದಿಗೆ ಬಗ್ಗಿ ನೋಡುವ ಪ್ರೇಕ್ಷಕರ ನೆರಳಿಗೂ ಎರಡು ಮೀಟರ್ ದೂರದ ಗೆರೆ ಎಳೆಯಿರಿ.

9. ವೇಗಕ್ಕೆ ಮೂವತ್ತೇ ಅಂಕ

ನೂರಕ್ಕೆ ಹೀಗೆ ಹಂಚಿ ನೋಡಿ: ವೇಗಕ್ಕೆ 30, ಕೆಲಸದ ನೋಟ್‌ಬುಕ್ಕಿಗೆ 25, ತೀರ್ಪುಗಾರರ ಮುಂದೆ ಕೊಡುವ ವಿವರಣೆಗೆ 25, ಕೆಟ್ಟದ್ದನ್ನು ತಿದ್ದಿದ ರೀತಿಗೆ 20. ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟು ಅಕ್ಷರ ಹುಡುಕಬೇಡಿ. ದಿನಾಂಕ, ಅಳತೆ, ಗೀಚಿದ ಚಿತ್ರ, ‘ಇದು ಓಡಲಿಲ್ಲ, ಯಾಕೆಂದರೆ’ ಎಂಬ ಸಾಲು ಇದ್ದರೆ ಅದೇ ಒಳ್ಳೆಯ ನೋಟ್‌ಬುಕ್. ಅಂಕಪಟ್ಟಿಯನ್ನು ಪಂದ್ಯದ ದಿನ ಅಲ್ಲ, ಪ್ಯಾನೆಲ್ ಹಂಚುವ ದಿನವೇ ಗೋಡೆಗೆ ಅಂಟಿಸಿ. ಯಾವುದಕ್ಕೆ ಎಷ್ಟು ಬೆಲೆ ಎಂದು ಗೊತ್ತಿದ್ದರೆ ಮಕ್ಕಳು ಅದಕ್ಕೆ ತಕ್ಕಂತೆ ಕೆಲಸ ಮಾಡುತ್ತಾರೆ.

10. ತೀರ್ಪುಗಾರರ ಕುರ್ಚಿಗೆ ಮೋಟರ್ ವೈಂಡಿಂಗ್ ಮಾಡುವವರನ್ನೂ ಕರೆಯಿರಿ

ಬೋರ್‌ವೆಲ್ ಮೋಟರ್ ಸುಟ್ಟಾಗ ರೈತ ಓಡುವುದು ಯಾರ ಬಳಿಗೆ? ಆದೋನಿ, ಗುಂತಕಲ್ಲಿನ ವೈಂಡಿಂಗ್ ಅಂಗಡಿಯವರಿಗೆ ಮೋಟರಿನ ಗುಣ ಬೆರಳ ತುದಿಯಲ್ಲಿರುತ್ತದೆ. ಅವರೊಬ್ಬರು, ಐಟಿಐ ಶಿಕ್ಷಕರೊಬ್ಬರು, ಬೇರೆ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಸೇರಿದರೆ ಒಳ್ಳೆಯ ತೀರ್ಪು ಮಂಡಳಿ. ಎಲ್ಲರೂ ಎಲ್ಲ ತಂಡಗಳಿಗೂ ಇದೇ ಮೂರು ಪ್ರಶ್ನೆ ಕೇಳಲಿ: ಮೊದಲು ಕೈಕೊಟ್ಟದ್ದು ಯಾವುದು? ಅದನ್ನು ಸರಿಮಾಡಲು ಏನೇನು ಮಾಡಿ ನೋಡಿದಿರಿ? ಇನ್ನೊಂದು ವಾರ ಸಿಕ್ಕರೆ ಏನು ಬದಲಿಸುತ್ತೀರಿ? ದೊಡ್ಡವರು ಮಾಡಿಕೊಟ್ಟ ಕಾರು ತಂದವರು ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾರೆ.

ಭಾಷೆಯ ಮಾತೂ ಇಲ್ಲೇ. ಆದೋನಿ, ಆಲೂರು ತಾಲೂಕುಗಳು 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗಡಿಯ ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ನಿಯಮದ ಹಾಳೆ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ಮಗು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದರೂ, ನಡುವೆ ‘ಗೇರು’, ‘ಕರೆಂಟು’ ಎಂದರೂ ಅಂಕ ಕಡಿಮೆ ಆಗಬಾರದು.

11. ಸ್ಕ್ರೂಡ್ರೈವರ್ ಎಲ್ಲರ ಕೈಗೂ ಬರಲಿ

ನಾಲ್ವರ ತಂಡದಲ್ಲಿ ಒಬ್ಬನೇ ಬೆಸುಗೆ ಹಾಕಿ, ಹುಡುಗಿಯರು ಬಣ್ಣ ಹಚ್ಚಿ ಚಾರ್ಟ್ ಬರೆದರೆ ಅದು ತಂಡವಲ್ಲ. ವಾರಕ್ಕೊಮ್ಮೆ ಕೆಲಸ ಬದಲಾಗಲಿ: ಗೇರು, ವೈರಿಂಗ್, ಚೌಕಟ್ಟು, ಲೆಕ್ಕ. ತೀರ್ಪುಗಾರರು ಯಾರನ್ನು ಬೇಕಾದರೂ ಯಾವ ಭಾಗದ ಬಗ್ಗೆಯಾದರೂ ಕೇಳಬಹುದು ಎಂಬ ಒಂದು ನಿಯಮ ಹಾಕಿ. ಮಿಕ್ಕದ್ದು ತಾನೇ ಸರಿಹೋಗುತ್ತದೆ.

12. ಪಂದ್ಯ ಮುಗಿದ ಮೇಲೆ ಪಂದ್ಯಕ್ಕೇ ಪರೀಕ್ಷೆ ಇಡಿ

ಪ್ಯಾನೆಲ್ ಹಂಚುವ ಮೊದಲು ಎಂಟು ಪ್ರಶ್ನೆಯ ಚೀಟಿ ಬರೆಸಿ. ಉದಾಹರಣೆಗೆ: ಪ್ಯಾನೆಲ್ಲನ್ನು ವಾಲಿಸಿದರೆ ಏನಾಗುತ್ತದೆ? ದೊಡ್ಡ ಗಾಲಿ ಹಾಕಿದರೆ ಹೊರಡುವುದು ಸುಲಭವೋ ಕಷ್ಟವೋ? ಪಂದ್ಯದ ಮರುದಿನ ಅದನ್ನೇ ಬರೆಸಿ, ಮೂರು ತಿಂಗಳ ಮೇಲೆ ಇನ್ನೊಮ್ಮೆ. ಪಂದ್ಯಕ್ಕೆ ಸೇರದ ಅದೇ ತರಗತಿಯ ಮಕ್ಕಳಿಂದಲೂ ಬರೆಸಿ. ಸೇರಿದವರಿಗೂ ಸೇರದವರಿಗೂ ವ್ಯತ್ಯಾಸವೇ ಕಾಣದಿದ್ದರೆ ಸಡಗರ ಆಯಿತು, ಕಲಿಕೆ ಆಗಲಿಲ್ಲ.

ಜೊತೆಗೆ ಈ ಐದು ಲೆಕ್ಕ ಇಡಿ: ಎಷ್ಟು ತಂಡ ಶುರುಮಾಡಿದವು, ಎಷ್ಟು ಕಾರು ಗೆರೆ ಮುಟ್ಟಿದವು, ಹುಡುಗಿಯರು ಎಷ್ಟು, ಒಂದು ತಂಡಕ್ಕೆ ತಗುಲಿದ ಖರ್ಚು ಎಷ್ಟು, ಮುಂದಿನ ವರ್ಷ ಮತ್ತೆ ಬಂದ ಶಾಲೆಗಳು ಎಷ್ಟು. ಕೊನೆಯದೇ ಎಲ್ಲಕ್ಕಿಂತ ನಿಜ ಹೇಳುವ ಅಂಕಿ. ಒತ್ತಾಯಕ್ಕೆ ಒಮ್ಮೆ ಬರಬಹುದು, ಇಷ್ಟವಿದ್ದರೆ ಮಾತ್ರ ಎರಡನೇ ಸಲ ಬರುತ್ತಾರೆ.

13. ಕೊಳ್ಳುವ ಮುಂಚೆ ಹಂಚಿಕೊಳ್ಳಿ, ಹಬ್ಬುವ ಮುಂಚೆ ಗಟ್ಟಿಯಾಗಿ

ಮೊದಲ ವರ್ಷ ಒಂದು ಮಂಡಲದ ನಾಲ್ಕೈದು ಶಾಲೆ ಸಾಕು. ಎರಡನೇ ವರ್ಷ ಅವೇ ಶಾಲೆಗಳು ತಲಾ ಒಂದು ಹೊಸ ಶಾಲೆಗೆ ಜೊತೆಯಾಗಲಿ. ಒಮ್ಮೆ ಮಾಡಿದ ಮೇಷ್ಟ್ರು ಹೊಸ ಮೇಷ್ಟ್ರಿಗೆ ಹೇಳಿಕೊಟ್ಟಂತೆ ಯಾವ ತರಬೇತಿಯೂ ಹೇಳಿಕೊಡದು. ಪತ್ತಿಕೊಂಡ, ಆಲೂರು, ಆದೋನಿ ಎಂದು ಹಬ್ಬುವುದು ಆಮೇಲಿನ ಮಾತು. ಪ್ಯಾನೆಲ್, ಮೋಟರ್, ಮಲ್ಟಿಮೀಟರ್‌ಗಳನ್ನು ಮಂಡಲದ ಒಂದು ಶಾಲೆಯಲ್ಲಿ ಇಟ್ಟು, ಲೈಬ್ರರಿ ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದು ಕೊಡಿ, ವಾಪಸ್ ಪಡೆಯಿರಿ. ಪ್ಯಾನೆಲ್ ಜೋಪಾನವಾಗಿದ್ದರೆ ಎಷ್ಟೋ ವರ್ಷ ಬಾಳುತ್ತದೆ.

ಹಣದ ದಾರಿಗಳೂ ಇವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಗಳು ಮಕ್ಕಳ ಹೊಸ ಆಲೋಚನೆಗಳನ್ನು ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೇ 10,000 ರೂಪಾಯಿ ಬರುತ್ತದೆ. ಹತ್ತಿರದ ಯಾವ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ ಎಂದು ವಿಚಾರಿಸಿ, ಅಲ್ಲಿನ ಬೆಸುಗೆ ಮೆಷಿನ್ ಎರಡು ದಿನಕ್ಕೆ ಕೇಳಿ. ಸೋಲಾರ್, ಗಾಳಿ ವಿದ್ಯುತ್ ಕಂಪನಿಗಳು ಈ ಸೀಮೆಯ ತುಂಬ ಇವೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ಕೇಳಲು ಹೋಗುವಾಗ ಫೋಟೊ ಆಲ್ಬಂ ಬೇಡ, 12ನೇ ಸೂತ್ರದ ಲೆಕ್ಕದ ಹಾಳೆ ಒಯ್ಯಿರಿ. ಫೋಟೊ ಎಲ್ಲರ ಬಳಿಯೂ ಇರುತ್ತದೆ.

14. ಹೊಸ ವಿಭಾಗ ನಿಧಾನವಾಗಿ, ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುವಂತೆ

ಸೋಲಾರ್ ಓಟ ಎರಡು ವರ್ಷ ಸರಿಯಾಗಿ ನಡೆದ ಮೇಲೆ ಗಾಳಿ ಅಥವಾ ಸೂಪರ್ ಕೆಪಾಸಿಟರ್ ವಿಭಾಗ ಸೇರಿಸಿ. ಒಂದೇ ಹಾದಿಯಲ್ಲಿ ಬೆರೆಸಬೇಡಿ. ಅಲ್ಲಿ ನಿಯಮ ಬೇರೆ: ಎಲ್ಲರಿಗೂ ಒಂದೇ ಅಳತೆಯ ಶಕ್ತಿ. 10 ಫ್ಯಾರಡ್ ಕೆಪಾಸಿಟರನ್ನು 2.5 ವೋಲ್ಟಿಗೆ ತುಂಬಿದರೆ ಸುಮಾರು 31 ಜೂಲ್, ಒಂದು ಕಿಲೋ ಭಾರವನ್ನು ಮೂರು ಮೀಟರ್ ಎತ್ತುವಷ್ಟು. ಅದನ್ನು ಪುಟ್ಟ ಗಾಳಿಯಂತ್ರದಿಂದ ತುಂಬಿಸಿ, ಯಾರ ಕಾರು ಹೆಚ್ಚು ದೂರ ಹೋಗುತ್ತದೆ ನೋಡಿ. ಇಲ್ಲಿ ಗೆಲ್ಲುವುದು ವೇಗವಲ್ಲ, ಮಿತವ್ಯಯ.

ಗೆದ್ದವರಿಗೆ ಸ್ಟೀಲ್ ತಟ್ಟೆಗಿಂತ ದಾರಿ ತೋರಿಸಿ. ಜಿಲ್ಲಾ ವಿಜ್ಞಾನ ಮೇಳ, ಮಕ್ಕಳ ವಿಜ್ಞಾನ ಸಮಾವೇಶ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಮುಂದಾಗಿ ನಡೆಸುವ ದಕ್ಷಿಣ ಭಾರತ ವಿಜ್ಞಾನ ಮೇಳ ಇವೆ. ಆಂಧ್ರದ ಮಕ್ಕಳೂ ಕರ್ನಾಟಕದ ಮಕ್ಕಳೂ ಒಂದೇ ಸೂರಿನಡಿ ಸೇರುವ ಮೇಳ ಅದು. ಅದಕ್ಕೂ ಆಚೆ, ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ‘ಸೋಲಾರ್‌ಮೊಬಿಲ್’ ಹೆಸರಿನಲ್ಲಿ ಜನ ಕೂತು ಓಡಿಸುವ ಸೋಲಾರ್ ಕಾರನ್ನೇ ಕಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ 1987ರಿಂದ ಇಂಥ ಕಾರುಗಳು ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್ ಓಡುತ್ತಿವೆ. 20 ಮೀಟರ್ ಓಡಿಸಿದ ಮಗುವಿಗೆ ಈ ಕಥೆ ಹೇಳಿ, ನಕ್ಷೆ ತೆಗೆದು ಊರುಗಳನ್ನು ತೋರಿಸಿ.

ಬಹುಮಾನ ಕೊಡುವ ವೇದಿಕೆಯಲ್ಲೇ ಎರಡು ಕೆಲಸ ಮುಗಿಸಿ: ಮುಂದಿನ ವರ್ಷದ ದಿನಾಂಕ ಹೇಳಿ, ಈ ವರ್ಷದ ಅಂಕಿಗಳನ್ನು ಎಲ್ಲರಿಗೂ ಓದಿ ಹೇಳಿ. ಓಡದೆ ನಿಂತ ಕಾರುಗಳ ಲೆಕ್ಕವೂ ಅದರಲ್ಲಿರಲಿ. ಮುಂದಿನ ಸಲ ಮೇಷ್ಟ್ರು ಯಾರಿಗೆ ಮೊದಲು ಸಹಾಯ ಮಾಡಬೇಕೆಂದು ಆ ಲೆಕ್ಕವೇ ಹೇಳುತ್ತದೆ.